ಬಕೀಟಿನ್ಯಾಗ ಉಳಿದ ಮಾತು

ಲಿಯೋನ್, ಫ್ರಾನ್ಸ್
22-11-1998

ಬಸವಕಲ್ಯಾಣದ ವೈನಿಯವರಿಗೆ ಶರಣ್ರಿ.

ಹುಮನಾಬಾದಿನ ಫ್ಯಾಕ್ಟರಿಯವರು ಮಶೀನ್ ಕಲೀಲಿಕ್ಕೆ ಕಳಿಸಿದ್ರಲ್ಲ, ನಿನ್ನೆ ಇಲ್ಲಿನ ಸಾಹೇಬ ದ್ರಾಕ್ಷಿ ತೋಟಕ್ಕ ಕರ್ಕೊಂಡು ಹೋಗಿದ್ದ. ಈ ವರ್ಷದ್ದೇ ಕೆಂಪು ವೈನ್, ನೀರಿನ ಬಾಟಲಿಗಿಂತ ಸಸ್ತಾ, ರುಚಿ ನೋಡಲೇಬೇಕು ಅಂದ. ಕುಡಿಯಂಗಿಲ್ಲ ಅಂತ ಕೊರಳಾಗಿನ ಲಿಂಗ ಮುಟ್ಟಿ ನಿಮಗ ಮಾತು ಕೊಟ್ಟು ಬಂದೀನಿ. ಗ್ಲಾಸ್ ಹಿಡಕೊಂಡೇ ಇನ್ನೊಮ್ಮೆ ಲಿಂಗ ಮುಟ್ಟಿಕೊಂಡೆ. ಅಷ್ಟರಾಗ ಸಾಹೇಬನೇ ಬಾಯಿ ಮುಕ್ಕಳಿಸಿ ಬಕೀಟಿನ್ಯಾಗ ಉಗುಳಿದ. ರುಚಿ ನೋಡೋದಂದ್ರ ಇಲ್ಲಿ ಹಂಗಂತ. ಜೀವ ಹಗುರಾತು.

ನಾನೂ ಉಗುಳಿದೆ. ಅರೆಹಣ್ಣಾದ ನೇರಳೆಯಂಗ ಒಗರು. ಒಂದು ಹನಿನೂ ಒಳಗ ಹೋಗಿಲ್ರಿ.

ಥಂಡಿಗೆ ತುಟಿ ಒಡ್ಯಾಕತ್ತಾವ, ಬಾಕಿ ತಬಿಯತ್ ಛಲೋ ಅದ. ಕಾರ್ಡಿನ್ಯಾಗ ಜಾಗಾ ಮುಗೀತು. ತಂಬಾಕು ಅಂಗಳದಾಗ ಉಗುಳ್ತೀನಂತ ದಿನಾ ಬೈತಿದ್ರಲ್ಲ, ಇಲ್ಲಿ ನಾಕು ಹೆಜ್ಜಿ ದೂರದಿಂದ ನೆಟ್ಟಗ ಬಕೀಟಿಗೆ ಉಗುಳಿದವ ನಾನೊಬ್ಬನೇ.

ನಿಮ್ಮ ಮೈದುನ,
ಓಂಪ್ರಕಾಶ