ಆರು ಅಡಿ ದೂರದ ಶ್ರುತಿ

೧೯ ಜನವರಿ, ರವಿವಾರ

ಮತ್ತೆ ಮಣಿಕಟ್ಟು. ಮೂರನೇ ವಾರವೂ ಅದೇ. ಪಿಟೀಲಿನ ಕಮಾನು ಎಳೆದರೆ ತುಕ್ಕು ಹಿಡಿದ ಗೇಟು ತೆರೆದ ಸದ್ದು. ಗುರುರಾಜ ಮಾಸ್ತರರು ಕುರ್ಚಿಯಿಂದಲೇ, "ಮಣಿಕಟ್ಟು ಬಗ್ಗಸವಾ. ರೊಟ್ಟಿ ಬಡಿಯೋ ಹಂಗ ಹಿಡದೀಯಲ್ಲ!" ಎಂದರು. ಎಲ್ಲರೂ ನಕ್ಕರು.

ರೊಟ್ಟಿ ಬಡಿಯುವಾಗ ಮಣಿಕಟ್ಟು ಬಗ್ಗಿಯೇ ಇರುತ್ತದೆ. ಅವರು ಎಂದೂ ರೊಟ್ಟಿ ಬಡಿದಿಲ್ಲ.

ಬ್ಯಾಂಕಿನ ಮಧ್ವೇಶ ನಾನು ಸೇರಿದ ದಿನವೇ ಸೇರಿದವರು. ಮೂವತ್ತು ದಾಟಿದೆ. ನನ್ನಷ್ಟೇ ಕೆಟ್ಟದಾಗಿ ನುಡಿಸುತ್ತಾರೆ. ಮಾಸ್ತರರು ಎದ್ದು ಹೋಗಿ ಅವರ ಹಿಂದೆ ಕೂತರು. ಅವರ ಕೈ ಹಿಡಿದು ಹತ್ತು ಸಲ ಕಮಾನು ಎಳೆಸಿದರು. ಹನ್ನೊಂದನೇ ಸಲ ಮಧ್ವೇಶರ ಪಿಟೀಲು ಹಾಡಿತು.

ಆ ಸದ್ದು ನನಗೂ ಬೇಕು.

೨೬ ಜನವರಿ

ಮೊದಲ ದಿನದ ಸಂಗತಿ ಬರೆಯದೆ ಬಿಟ್ಟಿದ್ದೆ. ಬರೆದುಬಿಡುತ್ತೇನೆ.

ನನ್ನ ಪಿಟೀಲು ನೋಡಲು ಮಾಸ್ತರರು ಎರಡೂ ಕೈ ಚಾಚಿದ್ದರು. ಕೊಡುವುದರಲ್ಲಿದ್ದೆ.

"ಹೆಸರೇನವಾ?"

"ಆಮ್ರಪಾಲಿ ರೀ."

"ಯಾ ಊರು?"

"ನಿಡೋಣಿ. ಈಗ ಇಲ್ಲೇ ವಿಜಯಪುರದಾಗ ಇರತೀವಿ."

"ನಿಡೋಣ್ಯಾಗ ಯಾರ ಪೈಕಿ?"

ಹೇಳಿದೆ. ಚಾಚಿದ ಕೈಗಳು ಶಾಲು ಸರಿಮಾಡಿಕೊಳ್ಳಲು ಹೋದವು. "ಅಲ್ಲಿ ಕೂಡು. ಕಂಬದ ಹತ್ರ."

ಕಂಬದಿಂದ ಕುರ್ಚಿಗೆ ನೆಲಕ್ಕೆ ಹಾಸಿದ ಎರಡಡಿಯ ಪರಸಿಕಲ್ಲು ಮೂರು. ಆರು ಅಡಿ.

ಕ್ಲಾಸಿಗೆ ಮೊದಲು ಎಲ್ಲರ ಪಿಟೀಲೂ ಅವರ ತೊಡೆ ಏರುತ್ತದೆ. ಬಿರಡೆ ತಿರುಗಿಸಿ, ತಂಬೂರಿ ಪೆಟ್ಟಿಗೆಯ ಸ್ವರಕ್ಕೆ ನಾಲ್ಕೂ ತಂತಿ ಕೂಡಿಸಿ ಕೊಡುತ್ತಾರೆ. ನನ್ನದೊಂದು ನನ್ನ ಕೈಯಲ್ಲೇ. "ತಿರವು. ಏರ್ಸು. ಇನ್ನೂ ಏರ್ಸು. ಇಳಸು. ಛೇ!" ಇಪ್ಪತ್ತು ನಿಮಿಷ. ಹತ್ತು ಜನ ನನ್ನ ಮುಖ ನೋಡುತ್ತ ಕೂತಿರುತ್ತಾರೆ.

ಕೂಡುವ ರೀತಿಯೇ ಮುಜುಗರದ್ದು. ನೆಲದ ಮೇಲೆ ಚಕ್ಕಳಮಕ್ಕಳ, ಪಿಟೀಲಿನ ಬುಡ ಎದೆಗೆ, ಅದರ ತಲೆ ಬಲಗಾಲಿಗೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವಳು ನಾನು.

೯ ಫೆಬ್ರವರಿ

ಕೇಳಿಬಿಟ್ಟೆ. ನಾನು!

"ಸರ್, ನನ್ನ ಕೈನೂ ಒಮ್ಮೆ ಹಿಡದು ತೋರಸ್ರಿ."

ಎರಡು ಸಲ ಹೇಳಬೇಕಾಯಿತು. ನನ್ನ ದನಿಯೇ ಅಷ್ಟು.

"ಹೆಣ್ಮಕ್ಕಳ ಕೈ ನಾ ಹಿಡಿಯೂದಿಲ್ಲವಾ. ಅದೊಂದು ನೇಮ ಅದ ನಂದು."

ಸರಿ. ನೇಮ. ಅಷ್ಟರಲ್ಲಿ ಪೂರ್ವಾ ಬಂದಳು. ಬಿ.ಕಾಂ. ಎರಡನೇ ವರ್ಷ, ಅವರ ಪ್ರೀತಿಯ ಶಿಷ್ಯೆ. "ಬಾರವಾ, ನಿನ್ನ ಕೈ ಮತ್ತ ಬಿಗಿ ಆಗ್ಯದ" ಎಂದು ಅವಳ ಮಣಿಕಟ್ಟು ಹಿಡಿದು ಬಗ್ಗಿಸಿದರು.

ನೇಮ ಊಟಕ್ಕೆ ಹೋಗಿತ್ತೇನೋ.

೧೩ ಫೆಬ್ರವರಿ, ತಿಕೋಟಾ, ಸಂಜೆ ೪:೪೦

ಮನೆಯಲ್ಲಿ ನುಡಿಸುವಂತಿಲ್ಲ. ಪಕ್ಕದ ಬೋರವ್ವ ಗೋಡೆ ಬಡಿದು ಅವ್ವನನ್ನು ಕೂಗುತ್ತಾಳೆ. "ಸೋನಾಬಾಯಿ, ಬೆಕ್ಕು ಸಾಯಾಕತ್ತೈತೇನ್ ಬೇ? ತಗದರ ಒಗಿ!" ಅದಕ್ಕೇ ಪಿಟೀಲು ಹೊತ್ತುಕೊಂಡೇ ಇಲ್ಲಿನ ಕಾಲೇಜಿಗೆ ಬರುತ್ತೇನೆ. ಹುಡುಗರಿಗೆ ಕನ್ನಡ ಪಾಠ ಮುಗಿಸಿ, ಖಾಲಿ ಕ್ಲಾಸ್‌ರೂಮಿನಲ್ಲಿ ಒಂದು ತಾಸು. ಕಿಟಕಿಯಿಂದ ದ್ರಾಕ್ಷಿ ಒಣಗಿಸುವ ಶೆಡ್ಡಿನ ಗಂಧಕದ ಘಾಟು. ನನ್ನ ಸದ್ದಿಗೆ ಹೊಂದುತ್ತದೆ.

ಬಸ್ಸಿನಲ್ಲಿ ಪಿಟೀಲಿನ ಪೆಟ್ಟಿಗೆ ನೋಡಿ ಕಂಡಕ್ಟರ್ ಮುನಾಫನ ದಿನದ ಜೋಕು: "ಮೇಡಮ್ಮಾರ, ನಿಮಗ ಫ್ರೀ ಐತಿ. ಬಂದೂಕಿಗೆ ಟಿಕೆಟ್ ತಗೀಬೇಕ ನೋಡ್ರಿ."

ಅವ್ವ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನಿನ್ನೆ ಶುರುಮಾಡಿದಳು. "ಬಿಡ್ ಬೇ. ಫೀ ಕೊಟ್ಟು ದೂರ ಕುಂದ್ರೂದು ಯಾ ನ್ಯಾಯ?"

"ಬಿಟ್ರ ಅವರಿಗೆ ಅನುಕೂಲ ಆಕ್ಕೈತಿ."

"ಕುಂತ್ರ ನಿನಗೇನ್ ಆಕ್ಕೈತಿ?"

ಬೇರೆ ಮಾಸ್ತರರು ಸಿಗಲಿಲ್ಲ ಎಂದೆ. ಅರ್ಧ ನಿಜ. ಆ ಕಂಬದ ಬುಡದಲ್ಲೇ ಕೂತು ಕಲಿಯಬೇಕು. ಹಟ. ಬೇರೆ ಹೆಸರು ಬೇಡ.

೨೩ ಮಾರ್ಚ್, ರವಿವಾರ

ಇಂದು ಒಂದು ವಿಚಿತ್ರ.

ತಂಬೂರಿಯ ಸ್ವರಕ್ಕೂ ತಂತಿಗೂ ನಡುವೆ ಒಂದು ನಡುಕ ಇರುತ್ತದೆ. ಹತ್ತಿರ ಬಂದಂತೆ ನಿಧಾನವಾಗುತ್ತದೆ. ಕೂಡಿದಾಗ ನಿಲ್ಲುತ್ತದೆ. ಇಂದು ನಿಂತಿತು. ಸ್ಪಷ್ಟವಾಗಿ. ಬಿರಡೆಯಿಂದ ಕೈ ತೆಗೆದೆ.

"ಯಾಕ ನಿಲ್ಲಿಸ್ದಿ? ಏರ್ಸು."

ಏರಿಸಿದೆ. ನಡುಕ ಮತ್ತೆ ಬಂತು.

"ಹಾಂ. ಈಗ ಕೂಡ್ತು ನೋಡು."

ಎಲ್ಲರೂ ತಲೆಯಾಡಿಸಿದರು. ಅವರಿಗೇನು ಗೊತ್ತು? ಒಬ್ಬರೂ ಒಮ್ಮೆಯೂ ಬಿರಡೆ ಮುಟ್ಟಿಲ್ಲ.

ನನ್ನ ಕಿವಿಯೇ ಸರಿಯಿಲ್ಲವೇನೋ...

೨೫ ಮಾರ್ಚ್, ತಿಕೋಟಾ

ಮೊಬೈಲಿಗೆ ಶ್ರುತಿ ತೋರಿಸುವ ಟ್ಯೂನರ್ ಹಾಕಿಕೊಂಡೆ, ಕೂಡಿದರೆ ಹಸಿರು. ಅವರ ಕ್ಲಾಸಿನಲ್ಲಿ ನಿಷಿದ್ಧ. "ಮಶೀನು ಕಿವಿ ಕೆಡಸ್ತದ." ಕಣ್ಣು ಮುಚ್ಚಿ ಕಿವಿಯಿಂದ ಕೂಡಿಸುವುದು, ಆಮೇಲೆ ಪರದೆ ನೋಡುವುದು. ಹತ್ತರಲ್ಲಿ ಒಂಬತ್ತು ಸಲ ಹಸಿರು.

ನನ್ನ ಕಿವಿ ಸರಿ ಇದೆ.

೬ ಏಪ್ರಿಲ್

ಇಡೀ ಕ್ಲಾಸು ಅವರನ್ನೇ ನೋಡುತ್ತ ಕೂತೆ. ನಾಚುವವರಿಗೆ ಇದೊಂದು ಅನುಕೂಲ, ನಾವು ನೋಡುವುದನ್ನು ಯಾರೂ ನೋಡುವುದಿಲ್ಲ.

ತೊಡೆಯ ಮೇಲಿನ ಪಿಟೀಲನ್ನು ಎತ್ತಿ ಕೆನ್ನೆಗೆ ಹಚ್ಚಿಕೊಳ್ಳುತ್ತಾರೆ. ಯಾವಾಗಲೂ ಎಡಗೆನ್ನೆ. ಮಧ್ವೇಶ ಬಾಗಿಲ ಬಳಿಯಿಂದ "ಮುಂದಿನ ವಾರ ರಜಾ ಏನ್ರಿ?" ಎಂದರೆ "ಹಾಂ ಹಾಂ, ಚಹಾ ಆಮ್ಯಾಲ" ಎಂದರು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು.

ಹತ್ತಿರದ್ದನ್ನು ಕೆನ್ನೆಯ ಮೂಳೆಯಿಂದ ಕೇಳುತ್ತಿದ್ದಾರೆ. ದೂರದ್ದು ಕೇಳುತ್ತಿಲ್ಲ. ಆ ಕೋಣೆಯಲ್ಲಿ ದೂರ ಇರುವ ಪಿಟೀಲು ನನ್ನದೊಂದೇ. ಹಾಗಾಗಿ ಗೊತ್ತಾದದ್ದೂ ನನಗೊಬ್ಬಳಿಗೇ.

ಖುಷಿಯಾಯಿತು. ಸುಳ್ಳೇಕೆ ಬರೆಯಲಿ.

೧೮ ಮೇ

ರಜೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಮಣಿಕಟ್ಟನ್ನೇ ನೋಡುತ್ತ ನಿಂತೆ. ಪಿಟೀಲು ತಂದು ಕೂತು, "ಅವ್ವಾ, ನನ್ನ ಕೈ ಹಿಡಿ" ಎಂದೆ.

"ಹಿಟ್ಟಿನ ಕೈ ಐತಿ."

"ಇರಲಿ."

ಹಿಡಿದಳು. "ಕಟಗಿ ಹಿಡದಂಗ ಯಾಕ ಹಿಡೀತಿ? ಸಡ್ಲ ಬಿಡು. ಹಾಂ. ಹಿಂಗ." ಏಳೆಂಟು ಸಲ. ಅವಳ ಕೈ ತೆಗೆದ ಮೇಲೂ ನನ್ನ ಕೈ ಹಾಗೇ ಹೋಗಿ ಬಂತು.

ಗೇಟಿನ ಸದ್ದು ಇರಲಿಲ್ಲ. ಹಾಡಿತು.

ಬೋರವ್ವ ಗೋಡೆ ಬಡಿಯಲಿಲ್ಲ. ಕಮಾನಿನ ಮೇಲೆ ಜೋಳದ ಹಿಟ್ಟು. ಒರೆಸಲಿಲ್ಲ.

೨೯ ಜೂನ್, ರವಿವಾರ

ಗುರುಪೂರ್ಣಿಮೆಗೆ ಬಬಲೇಶ್ವರದಲ್ಲಿ ಕಾರ್ಯಕ್ರಮ, ಅವರ ಹಳೆಯ ಶಿಷ್ಯರೊಬ್ಬರ ಮಂಗಲ ಕಾರ್ಯಾಲಯದಲ್ಲಿ. ಎಲ್ಲರೂ ಐದೈದು ನಿಮಿಷ ನುಡಿಸಬೇಕು. ಆಮೇಲೆ ಗುರುಗಳ ಪಾದ ಮುಟ್ಟಿ ನಮಸ್ಕಾರ.

ನನ್ನ ಕಡೆ ತಿರುಗಿ: "ನೀ ಕೆಳಗಿಂದನ ಕೈ ಮುಗದ್ರ ಸಾಕವಾ. ಅವತ್ತ ನನಗ ಮಡಿ ಇರತದ."

ಹತ್ತು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

"ಮೊದಲು ನಿಂದಽ. ಶ್ರುತಿ ಅಲ್ಲೇ, ಸ್ಟೇಜ್ ಮ್ಯಾಲೆ ಕೂಡಸು. ನಾ ಹೇಳ್ತೀನಿ. ಏನೂ ಬರಲಾರದವರಿಗೂ ಹೆಂಗ ಕಲಸ್ತೀನಿ ಅಂತ ಮಂದಿ ನೋಡಲಿ."

ಮೆಟ್ಟಿಲಿಳಿಯುವಾಗ ಮಧ್ವೇಶ: "ನಿಮ್ದು ಸ್ಪೆಷಲ್ ಐಟಂ ಆತಲ್ರಿ ಮೇಡಮ್!"

ಹೌದು.

೧೦ ಜುಲೈ, ಗುರುವಾರ, ಮಧ್ಯಾಹ್ನ ೧:೧೫, ಬಬಲೇಶ್ವರ ಬಸ್‌ಸ್ಟ್ಯಾಂಡ್

ಬಸ್ಸು ಇನ್ನೂ ಬಂದಿಲ್ಲ. ಅವ್ವ ಪಕ್ಕದಲ್ಲಿ ಕೂತು ಪಿಟೀಲಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಾಳೆ. ಮರೆಯುವ ಮೊದಲು ಬರೆಯುತ್ತೇನೆ.

ಸ್ಟೇಜಿನ ಜಮಖಾನೆಯ ಮೇಲೆ ಕೂತೆ. ಆರು ಅಡಿ ಆಚೆ ಅವರ ಕುರ್ಚಿ, ಕೊರಳಲ್ಲಿ ಹಾರ. ಎದುರಿಗೆ ಇನ್ನೂರು ಜನ. ಕೊನೆಯ ಸಾಲಿನಲ್ಲಿ ಅವ್ವ.

"ಏರ್ಸು. ಇಳಸು. ಏರ್ಸು." ನಾನು ಅವರ ಮಾತು ಕೇಳಲಿಲ್ಲ, ತಂತಿ ಕೇಳಿದೆ. ಮೂರು ತಂತಿ ಕೂಡಿದವು. ನಾಲ್ಕನೆಯದರ ನಡುಕ ನಿಧಾನವಾಯಿತು. ನಿಂತಿತು. ಕೈ ತೆಗೆದೆ.

"ಏರ್ಸು."

ಬಿರಡೆ ಮುಟ್ಟಲಿಲ್ಲ.

"ಏರ್ಸವಾ! ಕಿವಿ ಎಲ್ಲಿಟ್ಟು ಬಂದೀ?" ಮಂದಿ ನಕ್ಕರು. ಮಧ್ವೇಶ ಎಲ್ಲರಿಗಿಂತ ಜೋರಾಗಿ.

"ಕೂಡೇತ್ರಿ ಸರ್."

"ಹಾಂ?"

"ಕೂಡೇತಿ. ನಿಮಗ ಕೇಳಸವಲ್ತು."

ಇಷ್ಟು ದೊಡ್ಡ ದನಿ ನನ್ನದೇ? ನಗು ನಿಂತಿತು. ತಬಲಾಕ್ಕೆ ಬಂದಿದ್ದ ಅತೀಕ ಉಸ್ತಾದರು ತಲೆ ಎತ್ತದೆ, ಮೆಲ್ಲಗೆ, "ಬರೋಬ್ಬರಿ ಐತ್ರಿ ಮಾಸ್ತರ. ಸುರ ಕೂಡೇತಿ" ಎಂದರು.

ಮಾಸ್ತರರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಉಸ್ತಾದರು ಏನೆಂದರು ಎಂದು ಕೇಳುವಂತೆ ಪೂರ್ವಾಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಅಷ್ಟ ದೂರಿಂದ ಕೇಳೂದಿಲ್ರಿ ಸರ್," ಎಂದೆ. "ಹತ್ರ ಬರ್ರಿ."

ಎದ್ದರು. ಬಂದರು. ನನ್ನ ಎದುರು ನಿಂತರು. ನಿಂತರೆ ಕೇಳುವುದಿಲ್ಲ. ಪಿಟೀಲಿನ ತಲೆ ನನ್ನ ಕಾಲಿನ ಮೇಲಿದೆ. ನಾನು ಎತ್ತಿ ಕೊಡಲಿಲ್ಲ. ಅವರು ಕೈ ಚಾಚಲಿಲ್ಲ. ಕಮಾನು ಎಳೆಯುತ್ತಲೇ ಇದ್ದೆ, ಮಣಿಕಟ್ಟು ತಾನೇ ಬಗ್ಗುತ್ತಿತ್ತು. ಅವರು ಹಾರ ಒಂದು ಕೈಯಲ್ಲಿ ಹಿಡಿದು, ಎಡಗಿವಿ ಮುಂದೆ ಮಾಡಿ ಬಗ್ಗಿದರು. ಇನ್ನೂ ಬಗ್ಗಿದರು. ಒಂದು ಮೊಣಕಾಲು ಜಮಖಾನೆಗೆ ಊರಿ, ಕಿವಿಯನ್ನು ನನ್ನ ಕಾಲಿನ ಮೇಲಿನ ಪಿಟೀಲಿಗೆ ತಾಗುವಷ್ಟು ಹತ್ತಿರ ತಂದರು— ಅವ್ವ ಎದ್ದಳು, ಬಸ್ಸು ಬಂತು.