ಎರಡು ಗೆರೆ ಬಂದ ಎಲೆ ನಿಮ್ಮ ತೋಟದ್ದು

ಮಾನ್ಯ ಜಿಲ್ಲಾ ಕೃಷಿ ಅಧಿಕಾರಿಗಳೇ,

ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ. ನೆಡಲೆಂದು ನೀವು ಹಂಚುತ್ತಿರುವ ಮರಗೆಣಸಿನ ಕಡ್ಡಿಗಳಲ್ಲಿ ರೋಗವಿದೆ. ಅದನ್ನು ಹಿಡಿಯುವ ಪರೀಕ್ಷೆಯ ಪೆಟ್ಟಿಗೆ ನಿಮ್ಮ ಕಚೇರಿಯ ಬೀರುವಿನಲ್ಲಿದೆ, ಬೀಗದ ಕೈ ನಿಮ್ಮ ಜೇಬಿನಲ್ಲಿದೆ. ವಿಕ್ಟೋರಿಯಾ ಸರೋವರದ ಈ ದ್ವೀಪದಲ್ಲಿ ನಾವು ಮರಗೆಣಸಿನ ಮುದ್ದೆಯಿಂದ ಬದುಕಿದವರು. ಈ ರೋಗವೋ ಮಹಾ ಸಭ್ಯ. ಎಲೆಯಲ್ಲಿ ಒಂದಿಷ್ಟು ಹಳದಿ ತೋರಿಸಿ ಸುಮ್ಮನಿರುತ್ತದೆ. ಕೀಳುವ ದಿನ ನೋಡಿದರೆ ಗೆಡ್ಡೆಯೊಳಗೆ ಕಂದು ಕೊಳೆ, ನಾಯಿಯೂ ಮೂಸುವುದಿಲ್ಲ.

ಆ ಪೆಟ್ಟಿಗೆ ಒಮ್ಮೆ ನಮ್ಮೂರಿಗೆ ಬಂದಿತ್ತು. ನಿಮ್ಮ ಸಹಾಯಕರು ಮಾವಿನ ಮರದಡಿ ಎಲೆ ಅರೆದು, ಆ ರಸದಲ್ಲಿ ಕಾಗದದ ಪಟ್ಟಿ ಅದ್ದಿ ತೋರಿಸಿದರು.

“ಒಂದು ಗೆರೆ ಬಂದ್ರೆ ಗಿಡ ಚೆನ್ನಾಗಿದೆ. ಎರಡು ಬಂದ್ರೆ ರೋಗ.”

“ನಮ್ಮ ಸೊಸೆಗೆ ಎರಡು ಗೆರೆ ಬಂದಾಗ ಮೇಕೆ ಕಡಿದಿದ್ವಲ್ಲ ಸಾಹೇಬ್ರೇ,” ಅಂದೆ. ಹೆಂಗಸರು ಬಾಯಿಗೆ ಬಟ್ಟೆ ಇಟ್ಟು ನಕ್ಕರು.

ನನ್ನ ಕುಚೇಷ್ಟೆ ಅಷ್ಟಕ್ಕೇ ನಿಲ್ಲುವುದಲ್ಲ. ರೋಗಕ್ಕೆಲ್ಲ ನಮ್ಮ ಕೊಳಕು ಹೊಲಗಳೇ ಕಾರಣವೆಂದು ನೀವು ಬೈಯುತ್ತಿದ್ದಿರಲ್ಲ, ಅದಕ್ಕೆ ದೋಣಿಕಟ್ಟೆಯ ಬಳಿಯ ನಿಮ್ಮ ಮಾದರಿ ತೋಟದ್ದೇ ಎಲೆ ಕಿತ್ತು ತಂದು, ನನ್ನ ಹೊಲದ್ದೆಂದು ಕೊಟ್ಟೆ. ಎರಡು ಗೆರೆ ಬಂತು.

“ತಾತಾ, ನಿನ್ನ ಹೊಲ ಪೂರ್ತಿ ಕಿತ್ತು ಸುಡಬೇಕು.”

“ಸುಡೋಣ ಸಾಹೇಬ್ರೇ. ಆದ್ರೆ ಆ ಎಲೆಯ ಹೊಲದ ಬೇಲಿ ನಿಮ್ದು.”

ಊರೇ ನಕ್ಕಿತು, ನನ್ನ ಮಗಳು ನ್ಯಾಂಗೆಟಾ ನಗಲಿಲ್ಲ. ಅದೇ ಮಾದರಿ ತೋಟದಿಂದ ಕಡಿದು ನೀವು ಹಸಿರು ದಾರ ಕಟ್ಟಿ ಕೊಟ್ಟ ಕಡ್ಡಿಯನ್ನೇ ಅವಳು ಹೊಲ ತುಂಬ ನೆಟ್ಟಿದ್ದಳು. ಅದು ಹೊಳೆದಾಗ ನನ್ನ ನಗುವೂ ನಿಂತಿತು.

ಹೊಲದ ಪರೀಕ್ಷೆ ಅಧಿಕೃತವಲ್ಲ, ಆಚೆ ದಡದ ಪ್ರಯೋಗಾಲಯ ಹೇಳುವವರೆಗೆ ಕಾಯಬೇಕು ಎಂದು ಪೆಟ್ಟಿಗೆಯನ್ನು ಬೀರುವಿಗೆ ಸೇರಿಸಿದಿರಿ. ನಿಮ್ಮಲ್ಲಿ ಪರೀಕ್ಷೆಗೆ ಗಳಿಗೆ ಸಾಕು, ನಿರೀಕ್ಷೆಗೆ ಆಯುಸ್ಸು ಸಾಲದು. ಹೊಲದಲ್ಲೇ ತಿಳಿಯುವ ಪರೀಕ್ಷೆಯನ್ನು ವಿಜ್ಞಾನಿಗಳು ಬೀರುವಿನಲ್ಲಿಡಲೆಂದು ಕಂಡುಹಿಡಿದರೇ? ಪರೀಕ್ಷೆ ನಿಲ್ಲಿಸಿದ ನೀವು ಹಂಚುವುದನ್ನೇಕೆ ನಿಲ್ಲಿಸಲಿಲ್ಲ?

ನಮ್ಮಲ್ಲಿ ಕಡ್ಡಿ ಮಾರುವುದಿಲ್ಲ. ಮಳೆಗೆ ಮುಂಚೆ ಕೇಳಿ ಬಂದವರಿಗೆ ಕಟ್ಟು ಕಟ್ಟಿ ತಲೆಗೆ ಹೊರಿಸಿ ಕಳಿಸುತ್ತೇವೆ. ಇಲ್ಲವೆಂದರೆ ನಂಟು ಮುರಿದಂತೆ. ಈ ಸಲ ಪಕ್ಕದ ಮನೆಯ ವೆಗೆಸಾ ಬಂದಳು.

“ಬೇಡ ಅಕ್ಕಾ, ಇದರಲ್ಲಿ ರೋಗ ಇದೆ,” ಅಂದಳು ನ್ಯಾಂಗೆಟಾ.

“ಎಲೆ ಹಸಿರಾಗೇ ಇದ್ಯಲ್ಲೇ. ಕೊಡೋಕೆ ಮನಸ್ಸಿಲ್ಲ ಅನ್ನು. ನಿಮ್ಮಮ್ಮ ಸತ್ತಾಗ ನೀರು ಹೊತ್ತೋಳು ನಾನು.”

“ಕೊಟ್ರೆ ನಿನ್ನ ಮಕ್ಕಳ ಊಟ ಕಿತ್ಕೊಂಡಂಗೆ ಅಕ್ಕಾ.”

ವೆಗೆಸಾ ತಿರುಗಿ ನೋಡದೆ ಹೋದಳು. ನ್ಯಾಂಗೆಟಾ ಒಬ್ಬಳೇ ನಿಂತು ಹೊಲ ಕಿತ್ತು ಸುಟ್ಟಳು. ಮುಂದಿನ ವರ್ಷ ಏನು ತಿನ್ನುವುದೆಂದು ನಾನು ಕೇಳಲಿಲ್ಲ.

ಬೀರು ತೆಗೆಯಿರಿ. ಮೊದಲು ನಿಮ್ಮ ತೋಟವನ್ನೇ ಪರೀಕ್ಷಿಸಿ, ಎರಡು ಗೆರೆ ಬಂದರೆ ಸುಡಿ, ಸುಟ್ಟವರಿಗೆ ಒಳ್ಳೆಯ ಕಡ್ಡಿ ಕೊಡಿ. ಇದಿಷ್ಟೇ ನನ್ನ ಬೇಡಿಕೆ. ಮಾಡುತ್ತೀರೆಂಬ ನಂಬಿಕೆ ಇಲ್ಲ.

ನಿನ್ನೆ ಮೊದಲ ಮಳೆ ಬಿತ್ತು. ವೆಗೆಸಾ ತಲೆಯ ಮೇಲೆ ಕಡ್ಡಿಯ ಕಟ್ಟು ಹೊತ್ತು, ನಮ್ಮಂಗಳದ ಮುಂದೆಯೇ ಮಾತಾಡಿಸದೆ ಹಾದು ಹೋದಳು. ಆ ಕಟ್ಟಿನ ಸುತ್ತ ನಿಮ್ಮ ಹಸಿರು ದಾರವಿತ್ತು.

ಇಂತಿ,
ತಮಾಷೆ ನಿಜವಾಗಿ ಮೂಕನಾದ ಮುದುಕ,
ಮಸಾಟು