ಬಿಸಿಲಲ್ಲೇ ನಿಲ್ಲಬೇಕಾದ ಗಾಡಿ

ಜನವರಿ 7

ಬೆಳಿಗ್ಗೆ ಗಂಜಿ, ಗುಳಿಗೆ. ಆಕ್ಸಿಜನ್ 92. ನಾನು ಪಾತ್ರೆ ತಿಕ್ಕುವಷ್ಟರಲ್ಲಿ ಇವರು ಏಣಿ ಹತ್ತಿದ್ದರು. ಗಾಡಿಯ ಟಾಪ್ ಅಳೆಯುವುದಕ್ಕೆ! ಇಳಿದು ಬಂದಾಗ ತುಟಿ ನೀಲಿ. ಬೆರಳಿಗೆ ಮಷೀನ್ ಹಚ್ಚಿ ನೋಡಿದರೆ 83. ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತ, "ಎರಡು ಪ್ಯಾನೆಲ್ ಕೂಡ್ತಾವ ನೋಡು" ಅಂದರು.

ಬೈದೆ. ಇಡೀ ಸರ್ವಿಸ್ ಮಿಷನ್ ಆಸ್ಪತ್ರೆಯಲ್ಲಿ ಮಂದಿಯ ಗಂಡಂದಿರನ್ನೆಲ್ಲ ಹದ್ದುಬಸ್ತಿನಲ್ಲಿಟ್ಟ ನರ್ಸಮ್ಮ ನಾನು. ನನ್ನ ಮನೆಯವರೊಬ್ಬರೇ ಹೇಳಿದ್ದು ಕೇಳುವುದಿಲ್ಲ.

ಹಟ ಒಂದೇ — ಗಾಡಿ ತಗೊಂಡು ಹೊರಡಬೇಕು. ಶಾಲೆಯವರು ಮಾರಿದ ಹಳೇ ಟೆಂಪೋ. ಸೀಟು ಕಿತ್ತು ಮಂಚ ಹಾಕಿಸಿ, ಒಲೆ ಇಡಿಸಿದ್ದು ಇವರೇ, ರಿಟೈರ್ ಆದ ವರ್ಷ. ಆಗ ಶ್ವಾಸಕೋಶ ನೆಟ್ಟಗಿತ್ತು. ಈಗ ಗಟ್ಟಿಯಾಗುತ್ತ ಹೋಗುತ್ತಿದೆ, ಹಿಂದಕ್ಕೆ ಬರುವ ರೋಗವಲ್ಲ. ರಾತ್ರಿ ಮಲಗಬೇಕಾದರೆ ಮೂಗಿಗೆ ಆಕ್ಸಿಜನ್ ಮಷೀನ್ ಬೇಕು. ಮಷೀನಿಗೆ ಬೆಳತನಕ ಕರೆಂಟು ಬೇಕು. ಅದಕ್ಕೇ ಆ ಪೆಟ್ಟಿಗೆಯಂಥ ದೊಡ್ಡ ಬ್ಯಾಟರಿ ತರಿಸಿದ್ದಾರೆ. ಅದನ್ನು ತುಂಬಿಸಲು ಈಗ ಸೋಲಾರ್.

"ಭಾಲ್ಕಿ, ಔರಾದ, ಎಷ್ಟು ವರ್ಷ ಬಸ್ ಹೊಡದೀನಿ ಗ್ರೇಸ. ಸ್ಟ್ಯಾಂಡ್ ಬಿಟ್ಟು ಒಂದ ಕಡೀನೂ ಇಳದಿಲ್ಲ."



ಜನವರಿ 10

ಓಂಪ್ರಕಾಶನ ಸೋಲಾರ್ ಅಂಗಡಿ. ಇವರಿಗೆ ಕುರ್ಚಿ ಹಾಕಿಸಿ ಮೋಶೆ ಸಾಬ್, ಮೋಶೆ ಸಾಬ್ ಅಂತ ಒಂದೊಂದಾಗಿ ತೋರಿಸಿದ. ಹಾಳೆಯಂತೆ ಬಾಗುವ ಪ್ಯಾನೆಲ್ — ಹಗುರ, ಟಾಪಿಗೆ ಅಂಟಿಸಬಹುದು. ಆದರೆ ತಗಡಿನ ಕಾವು ಕೆಳಗಿಂದ ಹತ್ತಿ ನಮ್ಮ ಬೇಸಿಗೆಗೆ ಬೇಗ ಕೆಡುತ್ತದಂತೆ. ಮಡಚುವ ಪ್ಯಾನೆಲ್ — ಗಾಡಿ ನೆರಳಿಗಿರಲಿ, ಇದನ್ನು ಉದ್ದ ವೈರಿನಿಂದ ಬಿಸಿಲಿಗೆ ಹಾಸಬಹುದು. ಮೂರನೆಯದು ಗಾಜಿನದು. ಭಾರ. ಟಾಪಿನ ಮೇಲೆ ಸ್ವಲ್ಪ ಎತ್ತರಿಸಿ ಕೂರಿಸಬೇಕು, ಕೆಳಗೆ ಗಾಳಿ ಆಡಬೇಕು. ಇಪ್ಪತ್ತೈದು ವರ್ಷ ವಾರಂಟಿ.

ಮಡಚುವುದೇ ಸರಿ ಅಂದೆ. ಇವರು ಗಾಜಿನದೇ ಅಂದರು. ನಾನು ಮತ್ತೆ ಹೇಳಿದೆ. ಇವರು ಮತ್ತೆ ಅದೇ — ಇಪ್ಪತ್ತೈದು ವರ್ಷ, ಇಪ್ಪತ್ತೈದು ವರ್ಷ. ತಲೆ ಕೆಟ್ಟಿತು.

"ಇಪ್ಪತ್ತೈದು ವರ್ಷ ತಗೊಂಡು ಏನ ಮಾಡ್ತೀರಿ ನೀವು?" ಅಂದುಬಿಟ್ಟೆ.

ಓಂಪ್ರಕಾಶ ಬಿಲ್ ಬುಕ್ ತೆರೆದ. ಇವರು ನಕ್ಕು, ಎರಡು ಗಾಜಿನವು ಬರಿ ಅಂದರು.  ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಜನವರಿ 18

ಪ್ಯಾನೆಲ್ ಕೂರಿಸಿದರು. ಎರಡರ ವೈರನ್ನೂ ಒಂದಕ್ಕೊಂದು ಜೋಡಿಸಿದ್ದಾರೆ. ಒಂದರ ಮೂಲೆಗೆ ನೆರಳು ಬಿದ್ದರೂ ಎರಡೂ ಸೊರಗುತ್ತವೆ, ಗಾಡಿ ಮರದ ಕೆಳಗೆ ಹಚ್ಚಲೇಬೇಡಿ ಅಂತ ಓಂಪ್ರಕಾಶ ಎರಡೆರಡು ಸಲ ಹೇಳಿದ. ಇವರು ತಲೆ ಆಡಿಸಿದರು. ಡ್ರೈವರ್ ಮನುಷ್ಯ... ನೆರಳು ಕಂಡರೆ ಸ್ಟೀರಿಂಗ್ ತಾನೇ ಅತ್ತ ತಿರುಗುತ್ತದೆ.

ಸಂಜೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಈ ವಯಸ್ಸಿನಲ್ಲಿ! ಬೇಡ ಅಂದರೂ ಬಿಡಲಿಲ್ಲ. ಕ್ಲಚ್ ಬಿಟ್ಟೆ, ಗಾಡಿ ಕುಪ್ಪಳಿಸಿ ಬಂದ್ ಬಿತ್ತು. ಓಣಿಯ ಹುಡುಗರಿಗೆ ಪುಕ್ಕಟೆ ನಾಟಕ.

ಜನವರಿ 29

ಮನೆ ಮುಂದೆಯೇ ಗಾಡಿಯಲ್ಲಿ ಮಲಗಿ ಟ್ರಯಲ್. ಬೆಳಿಗ್ಗೆ ಬ್ಯಾಟರಿ ಇನ್ನೂ ಉಳಿದಿತ್ತು. ಇವರ ಮುಖ ನೋಡಬೇಕಿತ್ತು. ನನಗೇ ನಿದ್ದೆಯಿಲ್ಲ.

ರಿವರ್ಸ್ ಬಂತು ನನಗೆ.

ಫೆಬ್ರವರಿ 4, ಭಾಲ್ಕಿ

ಚರ್ಚ್ ಕಂಪೌಂಡಿನ ಬಯಲಲ್ಲಿ ಗಾಡಿ. ಇಡೀ ದಿನ ಬಿಸಿಲು, ಬ್ಯಾಟರಿ ಫುಲ್. ಇವರು ಪೇಟೆಯಲ್ಲಿ ಮಿರ್ಚಿ ತಿಂದರು. ಬೈಯಲಿಲ್ಲ. ನಾಳೆ ಕಮಲನಗರ, ಔರಾದ ಮೇಲಿಂದ ಸಂತಪುರ. ಅಲ್ಲಿ ಧೊಂಡಿಬಾ ಅಂತ ಕುರಿ ಕಾಯುವವನು. ಇವರ ಬಸ್ ಹೋಗುವಾಗೆಲ್ಲ ರಸ್ತೆ ಪಕ್ಕದ ಹೊಲದಿಂದ ಕೈ ಎತ್ತಿ, ಇಳಿರಿ ಸಾಬ್, ಚಾ ಕುಡೀರಿ ಅನ್ನುತ್ತಿದ್ದನಂತೆ. ಬರುವಾಗ ಇಳಿಯುತ್ತೇನೆ ಅಂತ ಇವರು ಕೂಗಿ ಹೇಳುವುದು. ಎಂದೂ ಇಳಿದಿಲ್ಲ.

ಫೆಬ್ರವರಿ 6, ಬೆಳಿಗ್ಗೆ

 ಬಿಸಿಲು ಏರುವ ತನಕ ಬರೆಯುತ್ತ ಕೂರುತ್ತೇನೆ.

ನಿನ್ನೆ ಮುಂಜಾನೆಯೇ ಸಂತಪುರ ಮುಟ್ಟಿದೆವು. ಧೊಂಡಿಬಾ ಓಡಿ ಬಂದು ಇವರನ್ನು ತಬ್ಬಿಕೊಂಡ. ಅವನ ಹೆಂಡತಿ ಪುತಳಾಬಾಯಿ ಬೇವಿನ ಮರದ ಕೆಳಗೆ ಆಗಲೇ ಕಸ ಗುಡಿಸಿ ನೀರು ಚಿಮುಕಿಸುತ್ತಿದ್ದಳು, ನಮ್ಮ ಗಾಡಿಗೆ ಅಂತ. ಇಲ್ಲೇ ಬಯಲಲ್ಲಿ ನಿಲ್ಲಿಸುತ್ತೇವೆ ಅಂದೆ. ಕೇಳಲೇ ಇಲ್ಲ ಆಕೆ.

"ನಮ್ಮ ಹೊಲಕ್ಕ ಬಂದು ನೀವು ಬಿಸಲಾಗ ನಿಂತರ ನಮಗ ಹ್ಯಾಂಗ ಅನಸ್ತದರಿ ಅಕ್ಕಾ? ಗಾಡಿ ನೆರಳಿಗಿ ಹಚ್ಚರಿ."

ಇವರ ಕಡೆ ನೋಡಿದೆ. ಇವರೇ ಹೇಳಬೇಕಿತ್ತು — ನನಗೆ ರೋಗ ಇದೆ, ಬಿಸಿಲು ಬೇಕು. ಎರಡು ಮಾತು. ಹೇಳಲಿಲ್ಲ. ಮೂಗಿನ ಪೈಪನ್ನು ದಿಂಬಿನ ಕೆಳಗೆ ತುರುಕಿ, ನೆರಳಿಗೆ ಹಚ್ಚಿಯೇಬಿಟ್ಟರು. ಸ್ವಲ್ಪ ಹೊತ್ತು ಅಷ್ಟೇ, ಆಮೇಲೆ ತೆಗೆದರಾಯಿತು ಅಂತ ನನಗೆ ಸನ್ನೆ. ಚಾ ಆಯಿತು, ರೊಟ್ಟಿ ಪುಂಡಿಪಲ್ಯ ಆಯಿತು, ಮಾತೋ ಮಾತು. ಗಾಡಿ ತೆಗೆಯೋಣ ಅಂದಾಗೆಲ್ಲ ಆ ಹೆಂಗಸು ಅಡ್ಡ ಬರುವುದು. ಸಂಜೆ ನೋಡಿದರೆ ಬ್ಯಾಟರಿ ಕಾಲುಭಾಗ. ಭಾಲ್ಕಿಯಲ್ಲಿ ರಾತ್ರಿ ಖರ್ಚಾದದ್ದು ತುಂಬಿಯೇ ಇರಲಿಲ್ಲ. ಹೊಲದಲ್ಲಿ ಕರೆಂಟಿಲ್ಲ. ಊರೊಳಗೆ ಹೋಗೋಣ ಅಂದರೆ, ಸಿಲಿಂಡರ್ ಅದ ಅಲ್ಲ ಅಂದರು.

ಸಣ್ಣ ಸಿಲಿಂಡರ್ ನಾನೇ ತಂದಿದ್ದು, ಆಪತ್ತಿಗೆ ಅಂತ. ನಡುರಾತ್ರಿ ಮಷೀನ್ ಕೂಗಿ ಬಂದ್ ಆಯಿತು, ಅದನ್ನು ಹಚ್ಚಿದೆ. ಅದೂ ಮುಗಿಯುತ್ತ ಬಂದಾಗ ಇವರನ್ನು ಎದೆಗೆ ಒರಗಿಸಿಕೊಂಡು ಕೂತೆ. ಬೆರಳು ತಣ್ಣಗೆ. ಎಷ್ಟೋ ಜನರನ್ನು ಹೀಗೆ ಕಂಡವಳು ನಾನು. ಅವರ್‍ಯಾರಿಗಾಗಿಯೂ ಇಷ್ಟು ಹೆದರಿದ್ದಿಲ್ಲ.

ಹೊತ್ತು ಮೂಡಿದ್ದೇ ತಡ, ಗಾಡಿ ನಾನೇ ಬಯಲಿಗೆ ತಂದೆ.

ಅದೇ ದಿನ, ಮಧ್ಯಾಹ್ನ

ಬಿಸಿಲು ಏರಿತು. ಮಷೀನ್ ನಡೆಯುತ್ತಿದೆ. ಗಾಡಿಯೊಳಗೆ ಒಲೆಯಂಥ ಕಾವು, ಕೂರಲಾಗದು. ಉದ್ದ ಪೈಪು ಜೋಡಿಸಿ ಕಿಟಕಿಯಿಂದ ಹೊರಗೆ ಬಿಟ್ಟೆ. ಗಾಡಿ ಬಿಸಿಲಲ್ಲಿ, ಇವರು ಬೇವಿನ ಕೆಳಗೆ ಹಗ್ಗ ಹೆಣೆದ ಬಾಜಿನ ಮೇಲೆ ಮಲಗಿದ್ದಾರೆ. ಆಡುಗಳು ಪೈಪಿಗೆ ಬಾಯಿ ಹಾಕದಂತೆ ಧೊಂಡಿಬಾ ಕೋಲು ಹಿಡಿದು ಕಾಯುತ್ತಿದ್ದಾನೆ. ಪುತಳಾಬಾಯಿ ಬೆಳಿಗ್ಗೆಯಿಂದ ಅಳುತ್ತಿದ್ದಾಳೆ. ನಿನ್ನ ತಪ್ಪಲ್ಲ ಅಂದೆ. ಮನಸಾರೆ ಅಂದೆನೋ ಇಲ್ಲವೋ.

ಇವರ ಮೇಲೆ ಮಾತ್ರ ಸಿಟ್ಟು ಇಳಿಯಲಿಲ್ಲ. ಮಡಚುವುದು ತಗೊಂಡಿದ್ದರೆ ನಿನ್ನೆ ಈ ಗತಿ ಬರುತ್ತಿರಲಿಲ್ಲ ಅಂದೆ. ಉಸಿರಿಗೆ ತಡೆದು ತಡೆದು ಹೇಳಿದರು:

"ಅದನ್ನ ದಿನಾ ಬಿಚ್ಚಿ, ಹಾಸಿ, ಎತ್ತಿಡೋರು ಯಾರು? ಈಗ ನಾವಿಬ್ಬರು. ಆಮ್ಯಾಲೆ ನೀ ಒಬ್ಬಾಕಿ. ನಿನ್ನ ಮೊಣಕಾಲು ನನಗ ಗೊತ್ತಿಲ್ಲೇನು? ಟಾಪಿನ ಮ್ಯಾಲ ಇದ್ದರ ನೀ ಬರೇ ಬಿಸಲಿಗಿ ನಿಲ್ಲಿಸಬೇಕು, ಅಷ್ಟ."

ಅಂದರೆ ಆ ಇಪ್ಪತ್ತೈದು ವರ್ಷ ನನ್ನದು. ಡ್ರೈವಿಂಗೂ ಅದಕ್ಕೇ.

ನಾನೊಬ್ಬಳು ಎಲ್ಲಿಗೆ ಹೋಗಲಿ ಅಂತ ಕೇಳಿದೆ. ಔರಾದ ಸ್ಟ್ಯಾಂಡಿನಲ್ಲೇ ಬಸ್ ತಿರುಗಿಸಿ ತಿರುಗಿಸಿ ಬಂದೆ, ಅದರಾಚೆ ನಾನೂ ಕಂಡಿಲ್ಲ, ನೀನು ನೋಡು ಅಂದರು. ಎದ್ದು ಕುರಿಗಳ ಆಚೆ ಹೋಗಿ ಅತ್ತೆ.

ಫೆಬ್ರವರಿ 8

ಮನೆ. ಸಂತಪುರದಿಂದ ಇಲ್ಲಿವರೆಗೆ ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕೂತು ಗೇರ್, ಗೇರ್ ಅನ್ನುತ್ತಿದ್ದರು.

ಮಾರ್ಚ್ 3

ಇವರಿಗೆ ಜ್ವರ. ಅಡ್ಮಿಟ್.

ಮಾರ್ಚ್ 21

ಮಷೀನ್ ಬಾಡಿಗೆಯದು. ಬಂದು ಒಯ್ದರು. ಪೈಪು ಬಿಟ್ಟು ಹೋಗಿದ್ದಾರೆ.

ಏಪ್ರಿಲ್ 24, ಹನ್ನೊಂದೂವರೆ

ಸಂತಪುರ. ಒಬ್ಬಳೇ ಬಂದೆ. ದಾರಿಯಲ್ಲಿ ಒಮ್ಮೆಯೂ ಬಂದ್ ಬೀಳಲಿಲ್ಲ. ಹೇಳಲು ಪಕ್ಕದಲ್ಲಿ ಯಾರೂ ಇಲ್ಲ.

ಬಯಲಲ್ಲಿ ನಿಲ್ಲಿಸಿದೆ, ಮರದಿಂದ ದೂರ. ರೂಢಿ. ಬ್ಯಾಟರಿ ನೂರಕ್ಕೆ ನೂರು. ಹಚ್ಚಲು ಏನೂ ಇಲ್ಲ. ಧೊಂಡಿಬಾನ ಮೊಬೈಲ್ ಚಾರ್ಜಿಗೆ ಹಚ್ಚಿದ್ದೇನೆ.

ಪುತಳಾಬಾಯಿ ನೆರಳಿನ ಮಾತೆತ್ತಲು ಹೆದರುತ್ತಿದ್ದಳು. ಬಾಗಿಲು ಮುಟ್ಟಿ ಕೈ ಸುಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ಅಕ್ಕಾ, ಇನ್ನರ ನೆರಳಿಗಿ ಹಚ್ಚಬಹುದಲ್ಲರಿ?" ಅಂದಳು.

ಹೌದು, ಹಚ್ಚಬಹುದು. ಈ ಪ್ಯಾನೆಲ್ ಮೇಲೆ ಈಗ ಯಾರ ಉಸಿರೂ ನಿಂತಿಲ್ಲ. ಗಾಡಿ ಚಾಲೂ ಮಾಡಿದೆ. ರಿವರ್ಸ್ ಹಾಕಿದೆ. ಬೇವಿನ ನೆರಳು ಗಾಡಿಯ ಹಿಂಭಾಗಕ್ಕೆ ಹತ್ತಿದ್ದು ಕನ್ನಡಿಯಲ್ಲಿ ಕಂಡಿತು, ಹಿಂದಿನ ಪ್ಯಾನೆಲ್ಲಿಗೂ ಮುಟ್ಟಿರಬೇಕು. ಕಾಲು ತಾನಾಗಿ ಬ್ರೇಕ್ ಒತ್ತಿತು. ಎಂಜಿನ್ ಬಂದ್ ಮಾಡಿಲ್ಲ. ಸ್ಟೀರಿಂಗ್ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಪುತಳಾಬಾಯಿ ಹಿಂದೆ ನಿಂತು ಬರ್ರಿ, ಬರ್ರಿ ಅಂತ ಕೈ ಮಾಡುತ್ತಿದ್ದಾಳೆ. ಇನ್ನೊಂದೆರಡು ಮಾರು ಹೋದರೆ ಪೂರ್ತಿ ನೆರಳು. ಬ್ರೇಕಿನಿಂದ ಕಾಲು ತೆಗೆಯಬೇಕು, ಅಷ್ಟೇ. ತೆಗೆದರೆ, ಇವರಿಗೆ ಇನ್ನು ಬಿಸಿಲು ಬೇಕಿಲ್ಲ ಅಂತ ನಾನೇ ಒಪ್ಪಿದಂತೆ.